ಮನೆ ನೋಡಲು ಬಾರದವರು

ಹೆಡ್‌ಮಾಸ್ಟರ್ ಕೊಟ್ಟ ಹಾಳೆಯನ್ನು ಪವಿತ್ರ ಮೂರು ಸಲ ಓದಿದಳು. ಬೆಳಿಗ್ಗೆ ಆರೂವರೆಗೆ ನ್ಯಾಮತಿ ಬಿಡುವುದು. ಹತ್ತಕ್ಕೆ ಕತ್ತಲಗೆರೆಯ ಕೃಷಿ ಡಿಪ್ಲೊಮಾ ಕಾಲೇಜು. ಮಧ್ಯಾಹ್ನ ಒಂದೂವರೆಗೆ ಜಗಳೂರಿನ ಪಿಯು ಕಾಲೇಜು. ಅಲ್ಲಿ ಕಾಣಬೇಕಾದವರು: ಶರಣು, ಭೌತಶಾಸ್ತ್ರ ಉಪನ್ಯಾಸಕರು. ಪಕ್ಕದಲ್ಲಿ ಒಂದು ಫೋನ್ ನಂಬರ್.

ಆ ನಂಬರನ್ನು ಅವಳು ಹೋದ ವರ್ಷವೇ ಫೋನಿನಿಂದ ಅಳಿಸಿ ಹಾಕಿದ್ದಳು. ಅಳಿಸಿ ಏನು ಬಂತು? ಹತ್ತೂ ಅಂಕಿ ಬಾಯಿಪಾಠವಾಗಿದ್ದವು.

"ಸರ್, ಜಗಳೂರು ಭಾಳ ದೂರ ಆಗ್ತೈತೆ. ಕತ್ತಲಗೆರೆ ಅಷ್ಟೇ ಮುಗಿಸ್ಕೊಂಡು ಬಂದ್ರೆ ಆಗಲ್ವ?"

"ಆಗಲ್ಲಮ್ಮ. ಅಲ್ಲಿ ಹೊಸ ಲ್ಯಾಬ್ ಐತೆ. ಹತ್ತನೇ ಕ್ಲಾಸು ಮುಗಿಸಿ ಮುಂದೆ ಏನು ಓದ್ಬೇಕು ಅಂತ ಮಕ್ಕಳು ಕಣ್ಣಾರೆ ನೋಡ್ಲಿ," ಎಂದರು ಹೆಡ್‌ಮಾಸ್ಟರ್. "ನಲವತ್ತೊಂದು ಮಕ್ಕಳನ್ನ ಕರ್ಕೊಂಡು ಹೋಗ್ತೀರಿ, ನಲವತ್ತೊಂದನ್ನೂ ತಂದು ಒಪ್ಪಿಸ್ರಿ. ನಂಗೆ ಅಷ್ಟೇ ಬೇಕಾಗಿರೋದು."

ಮನೆಗೆ ಬಂದರೆ ಅಲ್ಲಿ ಅಣ್ಣ ನಿಂಗರಾಜ್ ಇನ್ನೊಂದು ಗಡುವು ಹಿಡಿದು ಕೂತಿದ್ದ. ಹೊನ್ನಾಳಿಯಲ್ಲಿ ಪೈಪು, ಮೋಟರಿನ ಅಂಗಡಿ ಇಟ್ಟವರ ಮನೆಯ ಸಂಬಂಧ ಬಂದು ತಿಂಗಳಾಗಿತ್ತು. ಮರ್ಯಾದಸ್ತ ಜನ. ಹುಡುಗನ ಮೇಲೆ ಹೇಳಲು ಒಂದೇ ಒಂದು ದೂರಿಲ್ಲ. ಪವಿತ್ರಳ ಸಂಕಟವೇ ಅದು. ದೂರಿದ್ದರೆ ಅದನ್ನೇ ಹಿಡಿದುಕೊಂಡು ಜಾರಿಕೊಳ್ಳಬಹುದಿತ್ತು.

"ನಾಳೆ ವಾಪಸ್ ಬರೋವಾಗ ನಿಮ್ಮ ಬಸ್ಸು ಹೊನ್ನಾಳಿ ಮೇಲೇ ಬರ್ತೈತಲ್ಲ? ಬಸ್ ಸ್ಟ್ಯಾಂಡಿನಲ್ಲಿ ನಿಂತಿರ್ತೀನಿ. ಹೂಂ ಅಂತೀಯೋ ಊಹೂಂ ಅಂತೀಯೋ ಅಲ್ಲೇ ಹೇಳಿಬಿಡು. ಇನ್ನೂ ಎಷ್ಟಂತ ಕಾಯಿಸಾನ ಅವ್ರನ್ನ? ನಿಂಗೂ ಇಪ್ಪತ್ತೊಂಬತ್ತು ತುಂಬ್ತು."

ಅವಳು ಹೂಂ ಎನ್ನುವುದೆಂದು ಆಗಲೇ ತೀರ್ಮಾನಿಸಿದ್ದಳು. ಬೇಕೆಂದಲ್ಲ, ಬೇಡ ಎನ್ನಲು ಕಾರಣವೇ ಉಳಿದಿರಲಿಲ್ಲ. ಒಂದೇ ಒಂದು ಪ್ರಾರ್ಥನೆ: ಹೂಂ ಎನ್ನುವ ದಿನವೇ ಆ ಮುಖ ಕಣ್ಣಿಗೆ ಬೀಳದಿರಲಿ. ದೇವರು ಅವಳ ಪ್ರಾರ್ಥನೆ ಕೇಳಿದ್ದು ಹೆಡ್‌ಮಾಸ್ಟರರ ಹಾಳೆಯಲ್ಲಿ ಕಾಣುತ್ತಿತ್ತಲ್ಲ!

ಶರಣುವಿನ ಕಥೆ ಇಷ್ಟು. ಹೋದ ವರ್ಷ ಬೇಸಿಗೆಯಲ್ಲಿ ದಾವಣಗೆರೆಯಲ್ಲಿ ಹತ್ತನೇ ಕ್ಲಾಸಿನ ಪೇಪರ್ ತಿದ್ದುವ ಕ್ಯಾಂಪು. ಒಂದೇ ಮೇಜು, ಎದುರು ಬದುರು ಕುರ್ಚಿ. ಅವನಾಗ ಜಗಳೂರು ಕಡೆಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಯಾವುದಾದರೂ ಹುಡುಗ ತಮಾಷೆಯ ಉತ್ತರ ಬರೆದಿದ್ದರೆ ಪೇಪರನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿ, ತಾನು ಅಂಕ ಕೂಡಿಸುವವನಂತೆ ತಲೆ ತಗ್ಗಿಸುತ್ತಿದ್ದ. ಅವಳಿಗೆ ನಗು ಬಂದ ಕೂಡಲೇ ರೆಪ್ಪೆ ಮಾತ್ರ ಮೇಲೆದ್ದು ಒಂದು ಕ್ಷಣ ನೋಡಿ ಮತ್ತೆ ಕೆಳಗಿಳಿಯುತ್ತಿದ್ದವು. ಹನ್ನೆರಡು ದಿನ ಅವಳು ಆ ಒಂದು ಕ್ಷಣಕ್ಕಾಗಿಯೇ ಬೆಳಗಿನ ಬಸ್ಸು ಹತ್ತಿದಳು ಎಂದರೆ ಸುಳ್ಳಲ್ಲ.

ಕೊನೆಯ ದಿನ ಪೇಪರಿನ ಕಟ್ಟಿಗೆ ದಾರ ಬಿಗಿಯುತ್ತ, ತಲೆ ಎತ್ತದೆಯೇ ಕೇಳಿದ್ದ: "ಪವಿತ್ರ ಮೇಡಂ, ನಮ್ಮ ಅವ್ವನ್ನ ನಿಮ್ಮ ಮನೆಗೆ ಕರ್ಕೊಂಡು ಬರ್ಲಾ?"

"ಬರ್ರಿ," ಎಂದಿದ್ದಳು.

ಬಂದರು. ತಾಯಿ ಅಜ್ಜಮ್ಮ ಅವಳ ಕೈ ಹಿಡಿದುಕೊಂಡೇ ಉಪ್ಪಿಟ್ಟು ತಿಂದರು. ಹೊರಡುವಾಗ ಶರಣು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಅರ್ಧ ನಿಮಿಷ ಹೆಚ್ಚೇ ನಿಂತ. ಆಮೇಲೆ ಏನೂ ಇಲ್ಲ. ಫೋನಿಲ್ಲ, ಸುದ್ದಿಯಿಲ್ಲ.

"ನೀನಾಗಿ ಫೋನ್ ಮಾಡೀಯ ಮತ್ತೆ," ಎಂದಿದ್ದರು ಅಪ್ಪ. "ಹೆಣ್ಣಿನ ಕಡೆಯವ್ರು ಮೇಲೆ ಬಿದ್ದು ಹೋಗಬಾರ್ದು."

ಹದಿನೈದನೇ ದಿನ ತಡೆಯಲಾರದೆ ಒಂದು ಮೆಸೇಜು ಹಾಕಿದಳು: 'ನಮಸ್ಕಾರ ಸರ್, ಹೇಗಿದ್ದೀರಿ?' ಎರಡು ಗಂಟೆ ಬಿಟ್ಟು ಉತ್ತರ ಬಂತು: 'ಚೆನ್ನಾಗಿದ್ದೇನೆ ಮೇಡಂ. ನಿಮಗೆ ಒಳ್ಳೆಯದಾಗಲಿ.' ಒಳ್ಳೆಯದಾಗಲಿ ಎಂದು ಯಾರಿಗೆ ಹೇಳುತ್ತಾರೆ? ಬಿಟ್ಟು ಹೋಗುವವರಿಗೆ ಹೇಳುತ್ತಾರೆ. ನಂಬರ್ ಅಳಿಸಿದ್ದು ಆ ರಾತ್ರಿಯೇ.

* * *

ಬಸ್ಸು ಹೊರಟಾಗ ಡಿಸೆಂಬರಿನ ಚಳಿ. ಮಕ್ಕಳ ಬಾಯಿಗೆ ಮಾತ್ರ ಚಳಿ ತಗಲಿರಲಿಲ್ಲ. ಪವಿತ್ರಳ ಪಕ್ಕದ ಸೀಟನ್ನು ಶಬ್ನಮ್ ಜಗಳ ಮಾಡಿ ಗಿಟ್ಟಿಸಿಕೊಂಡಿದ್ದಳು. ಹೊನ್ನಾಳಿ ಬರುವುದರೊಳಗೆ ಮಂಡಕ್ಕಿಯ ಡಬ್ಬಿ ಖಾಲಿ, ಕಥೆ ಮಾತ್ರ ಖಾಲಿಯಾಗಿರಲಿಲ್ಲ.

"ಮಿಸ್, ನೀವ್ಯಾಕೆ ಇಷ್ಟು ಸಪ್ಪಗಿದೀರಿ?"

"ಏನಿಲ್ಲ. ತಲೆನೋವು."

"ಮತ್ತೆ ಆ ಹಾಳೆನ ಜಗಳೂರು ಅಂತ ಬರ್ದಿರೋ ಕಡೆನೇ ಯಾಕೆ ಮಡಚಿ ಮಡಚಿ ಇಡ್ತಿದೀರಿ?"

ಹದಿನೈದು ವರ್ಷದ ಹುಡುಗಿಯರಿಗೆ ಕಣ್ಣು ಎಲ್ಲೆಲ್ಲಿರುತ್ತವೋ! ಪವಿತ್ರ ಹಾಳೆಯನ್ನು ಬ್ಯಾಗಿಗೆ ತುರುಕಿ ಕಿಟಕಿಯ ಹೊರಗೆ ನೋಡಿದಳು.

ಕತ್ತಲಗೆರೆಯಲ್ಲಿ ಮಕ್ಕಳು ಭತ್ತದ ತಳಿಗಳ ಮುಂದೆ ನಿಂತು, "ಸರ್, ಗದ್ದೆ ಕೆಲಸ ಮನೇಲೇ ಕಲಿಸ್ತಾರೆ, ಇಲ್ಯಾಕೆ ಎರಡು ವರ್ಷ?" ಎಂದು ಕೇಳಿ ಅಲ್ಲಿನ ಮೇಷ್ಟ್ರನ್ನು ನಗಿಸಿದರು. ಪವಿತ್ರ ಮಾತ್ರ ತಲೆ ಎಣಿಸುವುದರಲ್ಲೇ ಇದ್ದಳು. ಇಳಿಯುವಾಗ ನಲವತ್ತೊಂದು. ಹತ್ತುವಾಗ ನಲವತ್ತೊಂದು. ಜೊತೆಗೆ ಬಂದಿದ್ದ ಪಿ.ಟಿ. ಮೇಷ್ಟ್ರು ಓಂಕಾರ್, "ಮೇಡಂ, ಮಕ್ಕಳು ಓಡಿ ಹೋಗಲ್ಲ ಬಿಡ್ರಿ," ಎಂದು ಸೀಟಿ ಬಾಯಲ್ಲಿಟ್ಟುಕೊಂಡೇ ನಕ್ಕರು.

ಓಡಿ ಹೋಗಬೇಕೆನಿಸಿದ್ದು ಅವಳಿಗೆ. ದಾವಣಗೆರೆ ದಾಟುವಾಗ ಬಸ್ಸಾದರೂ ಪಂಕ್ಚರ್ ಆಗಬಾರದೇ ಎಂದುಕೊಂಡಳು. ಅಣ್ಣನ ಮೆಸೇಜು ಬಂತು: 'ಮರೀಬ್ಯಾಡ. ಹೊನ್ನಾಳಿ.' ಬಸ್ಸಿನ ಟಯರು ಗಟ್ಟಿಮುಟ್ಟಾಗಿದ್ದವು.

* * *

ಕಾಲೇಜಿನ ಗೇಟಿನಲ್ಲಿ ಅವನೇ ನಿಂತಿದ್ದ.

ಸ್ವಲ್ಪ ತೆಳ್ಳಗಾಗಿದ್ದ. ಕನ್ನಡಕ ಹೊಸದು. ಬಸ್ಸಿನಿಂದ ಮಕ್ಕಳು ಒಬ್ಬೊಬ್ಬರಾಗಿ ಇಳಿಯುವಷ್ಟು ಹೊತ್ತೂ ಅವರಿಗೇ ನಮಸ್ಕಾರ ಹೇಳುತ್ತಿದ್ದ. ಕೊನೆಗೆ ಇಳಿದವಳು ಅವಳು. ರೆಪ್ಪೆ ಮೇಲೆದ್ದವು. ಅದೇ ಒಂದು ಕ್ಷಣ. ಮತ್ತೆ ಕೆಳಗಿಳಿದವು.

"ಬರ್ರಿ ಮೇಡಂ. ಪ್ರಯಾಣ ಆರಾಮಾತಾ?"

"ಆಯ್ತು ಸರ್."

"ಮನೇಲಿ ಎಲ್ಲಾ ಆರಾಮ?"

"ಆರಾಮ ಸರ್. ನಿಮ್ಮ... ಮನೇಲಿ?"

"ಅವ್ವ ಒಬ್ಬಳೇ. ಆರಾಮ ಅದಾಳೆ."

ಅವ್ವ ಒಬ್ಬಳೇ. ಹಾಗಾದರೆ ಮದುವೆಯಾಗಿಲ್ಲ. ಎದೆ ಒಮ್ಮೆಲೇ ಹಗುರಾಯಿತು, ಮರುಕ್ಷಣವೇ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಮದುವೆಯಾಗಿರದಿದ್ದರೆ ನಿನಗೇನೇ? ನಿನ್ನನ್ನು ಬೇಡವೆಂದ ಮನುಷ್ಯ ಅವನು.

ಲ್ಯಾಬಿನಲ್ಲಿ ಅವನು ಪಾಠ ಮಾಡುತ್ತಿದ್ದಾಗ ಅವಳು ಹಿಂದೆ ಗೋಡೆಗೊರಗಿ ನಿಂತಳು. ಗಾಜಿನ ಪಟ್ಟಕದಿಂದ ಬಿಸಿಲು ಒಡೆದು ಬಣ್ಣಗಳಾಗಿ ಅವನ ಬಿಳಿ ಶರ್ಟಿನ ತೋಳಿನ ಮೇಲೆ ಬಿತ್ತು. ಮಕ್ಕಳು ಓ ಎಂದರು. ಅವನು ತೋಳು ಸ್ವಲ್ಪ ಸರಿಸಿದ. ಬಣ್ಣಗಳು ಸೀದಾ ಹಿಂದಿನ ಗೋಡೆಗೆ ಬಂದು ಅವಳ ಸೆರಗಿನ ಮೇಲೆ ಕೂತವು. ಬೇಕೆಂದೇ ಸರಿಸಿದನೋ, ಕೈ ಜಾರಿತೋ? ಅವಳು ಅಲ್ಲಾಡದೆ ನಿಂತಳು. ಶಬ್ನಮ್ ಒಮ್ಮೆ ಸರ್ ಕಡೆ ನೋಡಿದಳು, ಒಮ್ಮೆ ಮಿಸ್ ಕಡೆ. ಆಮೇಲೆ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು.

ಊಟ ಮುಗಿದು, ತಟ್ಟೆ ತೊಳೆದು, ಓಂಕಾರ್ ಮೇಷ್ಟ್ರು ಸೀಟಿ ಊದಿ ಸಾಲು ನಿಲ್ಲಿಸಿದಾಗ ಮೂರು ಗಂಟೆ. ಪವಿತ್ರ ಎಣಿಸಿದಳು. ನಲವತ್ತು.

ಮತ್ತೆ ಎಣಿಸಿದಳು. ನಲವತ್ತು.

"ಶಬ್ನಮ್ ಎಲ್ಲಿ?"

ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಹೇಳಿದಳು: "ಟಾಯ್ಲೆಟ್ಟಿಗೆ ಅಂತ ಹೋದ್ಲು ಮಿಸ್. ಅಲ್ಲಿ ಉದ್ದ ಸಾಲಿತ್ತು. ತಡ್ಕೊಳ್ಳಾಕೆ ಆಗಲ್ಲ ಅಂದ್ಲು. ಆಮೇಲೆ ನೋಡ್ಲಿಲ್ಲ."

ಗೊತ್ತಿಲ್ಲದ ಊರು, ಎದುರಿಗೇ ಲಾರಿ ಓಡಾಡುವ ರಸ್ತೆ, ಹುಡುಗಿಯ ಹತ್ತಿರ ಫೋನಿಲ್ಲ. ಅವಳಪ್ಪ ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ನಿಂತು, "ನಿಮ್ಮ ಭರವಸೆ ಮೇಲೆ ಕಳಿಸ್ತಿದೀನಿ ಮೇಡಂ," ಎಂದಿದ್ದು ಕಿವಿಯಲ್ಲಿ ಗುಂಯ್‌ಗುಟ್ಟಿತು. ತಾನು ಲ್ಯಾಬಿನಲ್ಲಿ ಬಣ್ಣ ನೋಡುತ್ತ ನಿಂತೆನಲ್ಲ! ಊಟದ ಹೊತ್ತಿನಲ್ಲಿ ಮಕ್ಕಳನ್ನು ಬಿಟ್ಟು ಆ ಮನುಷ್ಯ ಎಲ್ಲಿ ಕೂತಿದ್ದಾನೆಂದು ಹುಡುಕಿದೆನಲ್ಲ!

"ಮೇಡಂ, ಅಳಬ್ಯಾಡ್ರಿ," ಎಂದ ಶರಣು. ತಾನು ಅಳುತ್ತಿದ್ದೇನೆಂದು ಅವಳಿಗೆ ತಿಳಿದದ್ದು ಆಗಲೇ. "ಓಂಕಾರ್ ಸರ್ ಇವ್ರ ಹತ್ರ ಇರ್ಲಿ. ನಾನು ರೋಡಿನ ಕಡೆ ನೋಡ್ತೀನಿ. ನೀವು ಗ್ರೌಂಡಿನ ಹಿಂದೆ ನೋಡ್ರಿ. ಅಲ್ಲೊಂದು ಸಣ್ಣ ಗೇಟು ಐತೆ, ಅದರಾಚೆ ಮನೆಗಳವೆ."

ಅವಳು ಓಡಿದಳು. ಸೆರಗು ಜಾಲಿಯ ಮುಳ್ಳಿಗೆ ಸಿಕ್ಕು ಹರಿಯಿತು. ಸಣ್ಣ ಗೇಟು ದಾಟಿದರೆ ಒಂದು ಓಣಿ. "ಶಬ್ನಮ್!" ಎಂದು ಕೂಗಿದಳು. ನಾಯಿಯೊಂದು ಬೊಗಳಿತು. ಮತ್ತೆ ಕೂಗಿದಳು.

"ಮಿಸ್, ಇಲ್ಲಿದೀನಿ!"

ಓಣಿಯ ಮೊದಲನೇ ಮನೆ. ತೆರೆದ ಬಾಗಿಲು. ಒಳಗೆ ಅಡುಗೆಮನೆಯ ಹೊಸ್ತಿಲಲ್ಲಿ ಶಬ್ನಮ್ ಚಕ್ಕಳ ಮಕ್ಕಳ ಹಾಕಿ ಕೂತು ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಪವಿತ್ರ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ ಹುಡುಗಿಯ ಭುಜ ಹಿಡಿದು ಅಲ್ಲಾಡಿಸಿದಳು.

"ಜೀವ ಹೋಗಿತ್ತಲ್ಲೇ ನಂದು! ಹೇಳಿ ಬರಾಕೆ ಏನಾಗಿತ್ತು ನಿಂಗೆ?"

"ಬೈಬ್ಯಾಡಮ್ಮ ಕೂಸಿಗೆ. ಅರ್ಜೆಂಟಾಗಿತ್ತು, ಬಂತು. ನಾನೇ ಉಂಡು ಹೋಗು ಅಂತ ಕೂರಿಸ್ದೆ," ಎಂಬ ದನಿ ಒಲೆಯ ಕಡೆಯಿಂದ ಬಂತು.

ಪವಿತ್ರ ತಲೆ ಎತ್ತಿದಳು. ರೊಟ್ಟಿಯ ಹಿಟ್ಟು ಮೆತ್ತಿದ ಕೈ, ಹಣೆಯ ತುಂಬ ವಿಭೂತಿ. ಎದುರಿಗೆ ನಿಂತವರು ಅಜ್ಜಮ್ಮ, ಶರಣುವಿನ ಅವ್ವ.

ಅಜ್ಜಮ್ಮನೂ ನೋಡುತ್ತಲೇ ನಿಂತರು. "ನೀನಾ?" ಎಂದರು. "ನ್ಯಾಮತಿ ಸ್ಕೂಲು, ಪವಿತ್ರ ಮಿಸ್ ಅಂತ ಈ ಕೂಸು ಅಂದಾಗ್ಲೇ ನನ್ನ ಎದೆ ಹೊಡ್ಕೊಂತು. ನೀನೇ ಅನ್ನು."

ಪವಿತ್ರ ಹಿಂದೆ ಸರಿದು ಚಪ್ಪಲಿ ಬಿಚ್ಚಿದಳು. ಓಡಿ ಹೋಗಲು ಸಹ ಈಗ ದಾರಿಯಿಲ್ಲ. "ಶಬ್ನಮ್, ಏಳು. ಬಸ್ಸಿಗೆ ಹೊತ್ತಾಯ್ತು."

"ತಡಿಯಮ್ಮ." ಅಜ್ಜಮ್ಮನ ದನಿ ಗಡುಸಾಯಿತು. "ಬಂದಿದೀಯ, ಒಂದು ಮಾತು ಕೇಳ್ತೀನಿ. ನಿಮ್ಮ ಮನೆಯೋರು ನಮ್ಮನ್ನ ಒಲ್ಲೆ ಅಂದ್ರಲ್ಲ, ನನ್ನ ಮಗನಲ್ಲಿ ಏನು ಕಮ್ಮಿ ಕಂಡ್ರಿ?"

"ನಾವು?" ಎಂದಳು ಪವಿತ್ರ. "ನಾವು ಒಲ್ಲೆ ಅಂದ್ವಾ? ಹೇಳಿ ಕಳಿಸ್ದೇ ಇದ್ದೋರು ನೀವು!"

"ನಾವ್ಯಾಕೆ ಹೇಳಿ ಕಳಿಸಾನ? ಹೆಣ್ಣು ನೋಡಿ ಬಂದ ಮೇಲೆ ನಮ್ಮದು ಮುಗೀತು. ಹೆಣ್ಣಿನೋರು ಮನೆ ನೋಡಾಕೆ ಬರ್ಬೇಕು. ಬಂದ್ರೆ ಒಪ್ಪಿಗೆ. ಬರ್ಲಿಲ್ಲ ಅಂದ್ರೆ ಒಲ್ಲೆ ಅಂತ. ಬಾಯಿ ಬಿಟ್ಟು ಬ್ಯಾಡ ಅಂದು ಯಾರ ಮನಸ್ಸನ್ನೂ ನೋಯಿಸ್ಬಾರ್ದು ಅಂತ ನಮ್ಮ ಕಡೆ ಹಿರೇರು ಹಂಗೆ ಇಟ್ಟಾರೆ." ಅಜ್ಜಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಈ ಗೋಡೆಗೆ ಬಣ್ಣ ಹೊಡೆಸಿದ್ದು ನಿಮಗೆ ಅಂತ. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ದಿನಾ ಹೋಳಿಗೆಗೆ ಬೇಳೆ ತೆಗೆದಿಡೋದು, ಸಂಜೀಗೆ ಡಬ್ಬಿಗೆ ಹಾಕೋದು. ಒಂಬತ್ತು ದಿನ ಕಾದೆ ತಾಯಿ."

ಪವಿತ್ರ ಗೋಡೆ ಹಿಡಿದುಕೊಂಡಳು. "ನಮ್ಮ ಕಡೆ ಹಂಗಲ್ಲಮ್ಮ. ಗಂಡಿನೋರು ಹೇಳಿ ಕಳಿಸ್ಬೇಕು. ಅಲ್ಲೀವರೆಗೆ ಹೆಣ್ಣಿನೋರು ಆ ಊರಿನ ದಿಕ್ಕಿಗೂ ಹೋಗಂಗಿಲ್ಲ. ನಮ್ಮಪ್ಪ ಒಂದು ತಿಂಗಳು ಫೋನ್ ಪಕ್ಕದಲ್ಲೇ ಮಲಗಿದ್ರು."

ಶಬ್ನಮ್ ಕಚ್ಚಿದ ರೊಟ್ಟಿ ಅಗಿಯುವುದನ್ನೇ ನಿಲ್ಲಿಸಿದಳು.

"ನಡುವೆ ಒಬ್ಬ ದಲ್ಲಾಳಿ ಇದ್ದಿದ್ರೂ ಆಗ್ತಿತ್ತು," ಎಂದು ಅಜ್ಜಮ್ಮ ಹಣೆ ಹಣೆ ಬಡಿದುಕೊಂಡರು. "ನೀವಿಬ್ರೇ ನೋಡ್ಕೊಂಡು ಮಾಡ್ಕೊಂಡ್ರಿ, ಹೇಳೋರಿಲ್ಲ ಕೇಳೋರಿಲ್ಲ."

ಬಾಗಿಲಲ್ಲಿ ನೆರಳು ಬಿತ್ತು. ಓಡಿ ಬಂದು ಏದುಸಿರು ಬಿಡುತ್ತಿದ್ದ ಶರಣು ಹೊಸ್ತಿಲಲ್ಲೇ ನಿಂತಿದ್ದ. ಎಷ್ಟು ಹೊತ್ತಾಗಿತ್ತೋ? ಅವನ ಮುಖ ನೋಡಿದರೆ ಎಲ್ಲಾ ಕೇಳಿಸಿಕೊಂಡಂತಿತ್ತು.

ಅವಳು ಅವನನ್ನೇ ನೋಡಿದಳು. "ನಾನು ಮೆಸೇಜ್ ಹಾಕಿದ್ನಲ್ರಿ. ಒಳ್ಳೆಯದಾಗಲಿ ಅಂದ್ರಿ."

"ಮತ್ತೇನು ಅನ್ಲಿ? ಬ್ಯಾಡ ಅಂದ ಮೇಲೂ ಹುಡುಗಿ ಮರ್ಯಾದೆಗೆ ವಿಚಾರಿಸ್ತಾಳೆ ಅನ್ಕೊಂಡೆ." ಅವನ ದನಿ ಸಣ್ಣಗಾಯಿತು. "ಅಷ್ಟು ಟೈಪ್ ಮಾಡಾಕೆ ಎರಡು ಗಂಟೆ ಹಿಡೀತು ನಂಗೆ."

ಆಗಲೇ ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು. ಅಣ್ಣ. ಪವಿತ್ರ ಕಟ್ ಮಾಡಿದಳು. ಮತ್ತೆ ಹೊಡೆದುಕೊಂಡಿತು. ಮತ್ತೆ ಕಟ್ ಮಾಡಿದಳು.

"ಯಾರಮ್ಮ?" ಎಂದರು ಅಜ್ಜಮ್ಮ.

"ನಮ್ಮಣ್ಣ. ಹೊನ್ನಾಳಿಯಿಂದ ಒಂದು ಸಂಬಂಧ ಬಂದೈತೆ. ಇವತ್ತು ಸಾಯಂಕಾಲ ಹೇಳ್ಬೇಕು." ಅವಳು ನೆಲ ನೋಡುತ್ತ ಹೇಳಿದಳು. "ಹೂಂ ಅನ್ನಾಕೆ ಮನಸ್ಸು ಮಾಡಿದ್ದೆ."

ಶರಣು ಹೇಳಿದ್ದು ಇಷ್ಟೇ: "ಬಸ್ಸಿಗೆ ಹೊತ್ತಾಗ್ತೈತೆ. ನಡೀರಿ."

* * *

ಸಣ್ಣ ಗೇಟಿನಿಂದ ಬಸ್ಸಿನವರೆಗೆ ಇನ್ನೂರು ಹೆಜ್ಜೆ. ಶಬ್ನಮ್ ಮುಂದೆ, ಅವರಿಬ್ಬರೂ ಹಿಂದೆ. ನಡುವೆ ಒಂದು ಮಾರು ಅಂತರ. ತಪ್ಪು ಯಾರದ್ದೂ ಅಲ್ಲ ಎಂದು ತಿಳಿಯಿತು, ಸರಿ. ಆದರೆ ಅಂದಿನ ಮನಸ್ಸು ಇಂದಿಗೂ ಇದೆ ಎಂದು ಯಾರು ಹೇಳಿದರು? ಒಂದೂವರೆ ವರ್ಷ ಮೇಲಾಯಿತು. ಗಾಯ ಮಾಯುವಷ್ಟು ದಿನ. ಇವನು ಯಾಕೆ ಮಾತಾಡುತ್ತಿಲ್ಲ?

"ಆಮೇಲೆ ಯಾರೂ ಬರ್ಲಿಲ್ವ? ಮನೆ ನೋಡಾಕೆ?" ಎಂದು ಕೇಳಿಯೇಬಿಟ್ಟಳು.

"ಎರಡು ಕಡೆಯೋರು ಬಂದಿದ್ರು."

"ಮತ್ತೆ?"

"ಅವ್ವ ಮನೆ ತೋರಿಸ್ತಿದ್ಲು. ನಾನು ಗ್ರೌಂಡಿನಲ್ಲಿ ಹುಡುಗ್ರಿಗೆ ವಾಲಿಬಾಲ್ ಆಡಿಸ್ತಾ ಇರ್ತಿದ್ದೆ."

ಓಂಕಾರ್ ಮೇಷ್ಟ್ರು ದೂರದಿಂದಲೇ ಸೀಟಿ ಊದಿದರು. ಮಕ್ಕಳೆಲ್ಲ ಆಗಲೇ ಬಸ್ಸಿನೊಳಗೆ. ಶಬ್ನಮ್ ಹತ್ತಿದ್ದೇ ತಡ, ಒಳಗೆ ಗುಸುಗುಸು ಶುರುವಾಯಿತು. ಎರಡು ನಿಮಿಷದಲ್ಲಿ ಈ ಕಡೆಯ ಕಿಟಕಿಗಳಲ್ಲೆಲ್ಲ ಮುಖಗಳೇ ಮುಖಗಳು. ಅಜ್ಜಮ್ಮ ಕೂಡ ತಡೆಯಲಾರದೆ ಹಿಂದೆಯೇ ಬಂದು ಗ್ರೌಂಡಿನಂಚಿನಲ್ಲಿ ನಿಂತಿದ್ದರು.

ಪವಿತ್ರ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ಡ್ರೈವರ್ ಇಂಜಿನ್ ಚಾಲೂ ಮಾಡಿದ. ಕೈಯಲ್ಲಿ ಫೋನು ಮೂರನೇ ಸಲ ಹೊಡೆದುಕೊಂಡಿತು. ಈಗ ಎತ್ತಿದರೆ ಏನು ಹೇಳುವುದು? ಎತ್ತದಿದ್ದರೆ ಎಷ್ಟು ಹೊತ್ತು? ಮೂರು ತಾಸಿಗೆ ಹೊನ್ನಾಳಿ ಬಂದೇ ಬರುತ್ತದೆ. ಈ ಹಾಳು ಮರ್ಯಾದೆಯಲ್ಲೇ ಒಂದು ಸಲ ಎಲ್ಲಾ ಕಳೆದುಕೊಂಡದ್ದಾಯಿತು. ಇನ್ನೊಂದು ಸಲ ಕಳೆದುಕೊಳ್ಳಲು ಅವಳಲ್ಲಿ ಶಕ್ತಿಯಿರಲಿಲ್ಲ.

ಮೆಟ್ಟಿಲಿನಿಂದ ಕೆಳಗಿಳಿದಳು.

"ಶರಣು ಸರ್," ಎಂದಳು. "ನಿಮ್ಮ ಕಡೆ ಹೆಣ್ಣಿನೋರು ಮನೆ ನೋಡ್ಬೇಕು. ನಾನು ನೋಡಿದೆ. ಅಡುಗೆಮನೇವರೆಗೂ ಹೋಗಿ ನೋಡಿದೆ. ನಂಗೆ ಒಪ್ಪಿಗೆ ಐತೆ. ನಮ್ಮ ಕಡೆ ಗಂಡಿನೋರು ಬಾಯಿ ಬಿಟ್ಟು ಹೇಳ್ಬೇಕು. ಅದಿನ್ನೂ ಆಗಿಲ್ಲ."

ಅವನು ಕಿಟಕಿಗಳ ಕಡೆ ನೋಡಿದ. ಸೀಟಿ ಬಾಯಲ್ಲಿಟ್ಟುಕೊಂಡು ನಿಂತ ಓಂಕಾರ್ ಮೇಷ್ಟ್ರನ್ನು ನೋಡಿದ. ಕನ್ನಡಕ ತೆಗೆದ, ಶರ್ಟಿಗೆ ಒರೆಸಿದ, ಮತ್ತೆ ಹಾಕಿಕೊಂಡ.

"ಇಲ್ಲೇ ಹೇಳ್ಲಾ? ಇಷ್ಟು ಜನದ ಮುಂದೆ?"

"ಇಲ್ಲೇ."

"ನಿಮ್ಮ ಮೆಸೇಜು ಇನ್ನೂ ಫೋನಿನಲ್ಲಿ ಐತೆ. ಫೋನ್ ಬದಲಾಯಿಸಿದೆ, ಅದನ್ನ ಬಿಡ್ಲಿಲ್ಲ." ಅವನು ತಲೆ ಎತ್ತಿದ. ರೆಪ್ಪೆ ಈ ಸಲ ಕೆಳಗಿಳಿಯಲಿಲ್ಲ. "ನಂಗೆ ನೀವು ಬೇಕು ಪವಿತ್ರ. ಅವತ್ತೂ ಬೇಕಿತ್ತು. ಹೇಳ್ದೇ ಇದ್ದಿದ್ದು ನನ್ನ ತಪ್ಪು."

ಬಸ್ಸಿನಲ್ಲಿ ಎದ್ದ ಗದ್ದಲಕ್ಕೆ ಕಾಲೇಜಿನ ಕ್ಲರ್ಕು ಹೊರಗೆ ಬಂದು ನೋಡುವಂತಾಯಿತು.

ಫೋನು ಮತ್ತೆ ಹೊಡೆದುಕೊಂಡಿತು. ಪವಿತ್ರ ಕಣ್ಣೊರೆಸಿಕೊಂಡು ಎತ್ತಿದಳು.

"ಎಷ್ಟು ಸಲ ಮಾಡೋದು ನಿಂಗೆ?" ಎಂದು ನಿಂಗರಾಜ್ ರೇಗಿದ. "ಸಾಯಂಕಾಲಕ್ಕೆ ಮೊದ್ಲೇ ಹೊನ್ನಾಳಿಗೆ ಬಂದು ನಿಂತೀನಿ. ಅವ್ರಿಗೆ ಏನಂತ ಹೇಳ್ಲಿ?"

"ಊಹೂಂ ಅಂತ ಹೇಳಣ್ಣ. ಜಗಳೂರಿನೋರು ಒಪ್ಪಿಗೆ ಹೇಳಿದ್ರು."

ನಿಂಗರಾಜ್ ಮೆಲ್ಲಗೆ ಕೇಳಿದ: "ಯಾವಾಗ ಹೇಳಿದ್ರು? ಯಾರ ಹತ್ರ ಹೇಳಿದ್ರು? ಹಿಂಗೆ ಬಾಯಿ ಮಾತು ನಂಬ್ಕೊಂಡು ಆಮೇಲೆ..."

"ಈಗ್ಲೇ ಹೇಳಿದ್ರಣ್ಣ," ಎಂದಳು ಪವಿತ್ರ. "ನಮ್ಮ ಹತ್ತನೇ ಕ್ಲಾಸಿನೋರೆಲ್ಲಾ ಕೇಳಿಸ್ಕೊಂಡಾರೆ."